ಕೈ ಹಿಂದೆ ಕಟ್ಟಿಕೊಂಡ ಟೀಚರ್

ಸೀರೆಯ ಸೊಂಟಕ್ಕೆ ಕಪ್ಪು ದಾರದಲ್ಲಿ ನೇತುಬಿದ್ದ ಸಣ್ಣ ಕತ್ತರಿ. ಬಾಳೂರು ಕಡೆಯ ನಮ್ಮ ಹೈಸ್ಕೂಲಿನ ಜೀವಶಾಸ್ತ್ರದ ಟೀಚರ್ ಎಂದರೆ ನನಗೆ ಮೊದಲು ಕಾಣುವುದು ಅದೇ. ಮಳೆಗಾಲದ ಶುರುವಿನಲ್ಲಿ ಮರದ ಕೊಂಬೆಗೆ ಅಂಟಿ ಬೆಳೆಯುವ ಸೀತಾಳೆದಂಡೆ ಹೂ ಬಿಟ್ಟರೆ ಒಂದೇ ಒಂದು ಗೊಂಚಲು ಕತ್ತರಿಸಿ ಮುಡಿಯುತ್ತಿದ್ದರು; ಗಿಡ ಮರದಲ್ಲೇ ಉಳಿಯಬೇಕು. ಬೇರುಸಮೇತ ಕಿತ್ತು ತಂದವರಿಗೆ ಮಂಗಳಾರತಿ. ಒಮ್ಮೆ ಹೆಡ್‌ಮಾಸ್ಟರೇ ಆಫೀಸಿನ ಮುಂದೆ ತೂಗುಹಾಕಲು ಗಿಡ ಕೀಳಿಸಿ ತರಿಸಿದ್ದರು. ಟೀಚರ್ ಬೆಂಚು ಹತ್ತಿ ಅದನ್ನು ಹಲಸಿನ ಮರಕ್ಕೆ ಬಾಳೆನಾರಿನಲ್ಲಿ ಕಟ್ಟಿದರು. ಆಮೇಲೆ ಅವರಿಬ್ಬರ ನಡುವೆ ಮಾತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಗುಡ್ಡದ ಮೇಲೆ ಗುರಿಗೆ ಅರಳಿತು. ಈಗ ಎಲ್ಲರೂ ಕುರಿಂಜಿ ಎನ್ನುವ ನೀಲಿ ಹೂವು. ನಮ್ಮನ್ನು ಕರೆದೊಯ್ದ ಟೀಚರ್ ಆ ದಿನ ಕತ್ತರಿಯನ್ನೇ ತಂದಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನೋಡಿ ಎಂದರು.

"ಸೀತಾಳೆ ಬೇರೆ ಕಾಡಲ್ಲೂ ಉಂಟು, ಬರೋ ವರ್ಷವೂ ಬಿಡುತ್ತೆ. ಇದು ಇಂಥ ಗುಡ್ಡದ ನೆತ್ತಿ ಬಿಟ್ರೆ ಎಲ್ಲೂ ಬದುಕಲ್ಲ. ಹನ್ನೆರಡು ವರ್ಷಕ್ಕೆ ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತೆ. ಇದರ ಹೂ ಕಿತ್ರೆ ವಂಶವೇ ಹೋಯ್ತು ಕಣ್ರೋ."

ಮತ್ತೆ ಗುರಿಗೆ ಅರಳುವಷ್ಟರಲ್ಲಿ ಟೀಚರ್ ನಿವೃತ್ತರಾಗಿದ್ದರು. ಗುಡ್ಡಕ್ಕೆ ಜೀಪುಗಳ ಸಾಲು. ಕಂಡವರೆಲ್ಲ ತಬ್ಬುವಷ್ಟು ಕಿತ್ತು ಬಾನೆಟ್‌ಗೆ ಕಟ್ಟಿಕೊಂಡು ಇಳಿದರು. ನಾಚಿಕೆಗೆಟ್ಟವರು. ಸಾಲದ್ದಕ್ಕೆ ಊರ ಗಣ್ಯರು ಪರಿಸರಪ್ರೇಮಿಗೆ ಸನ್ಮಾನವೆಂದು ಟೀಚರನ್ನು ಗುಡ್ಡದ ಬುಡಕ್ಕೆ ಕರೆಸಿ, ಶಾಲು ಹೊದಿಸಿ, ಗುರಿಗೆಯದೇ ದೊಡ್ಡ ಗುಚ್ಛ ಮುಂದೆ ಚಾಚಿದರು. ಟೀಚರ್ ಕೈ ಹಿಂದೆ ಕಟ್ಟಿಕೊಂಡರು. ಗುಚ್ಛ ಗಾಳಿಯಲ್ಲೇ ಉಳಿಯಿತು.

"ತಗೊಳ್ಳಿ ಟೀಚರ್, ನಿಮಗೋಸ್ಕರವೇ ಕೀಳಿಸಿದ್ದು" ಎಂದರು ಪಂಚಾಯ್ತಿ ಅಧ್ಯಕ್ಷರು.

"ಹಾಗಾದ್ರೆ ಆ ಪಾಪವೂ ನಂಗೇ ಬಂತು" ಎಂದವರೇ ಶಾಲನ್ನು ಕುರ್ಚಿಯ ಮೇಲಿಟ್ಟು ವೇದಿಕೆಯಿಂದ ಇಳಿದುಬಂದರು. ಫೋಟೋದವನಿಗೆ ಸಿಕ್ಕಿದ್ದು ಖಾಲಿ ಕುರ್ಚಿ. ಮುದುಕಿಗೆ ಕೊಬ್ಬು ಎಂದು ಸಂಜೆಯ ಬಸ್ಸಿನಲ್ಲಿ ಮಾತಾಡಿಕೊಂಡದ್ದನ್ನು ಕೇಳಿ ನನಗೆ ಮೈ ಉರಿದುಹೋಯಿತು.

ಮರುವರ್ಷ, ಸೀತಾಳೆ ಬಿಡುವ ಹೊತ್ತಿಗೆ ಅವರು ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದ್ದರು. ಅದೇ ಅಧ್ಯಕ್ಷರು ಬಂದರು. ಟೀಚರಿಗೆ ಇಷ್ಟದ ಹೂವೆಂದು ಸೀತಾಳೆಯ ಗಿಡವನ್ನೇ ತಂದಿದ್ದರು, ಬಿಳಿ ಬೇರುಗಳು ಜೋತುಬಿದ್ದಿದ್ದವು. ಅದನ್ನು ಎದೆಯ ಮೇಲೆ ಇಡಲು ಬಾಗಿದಾಗ ನಾನು ಕಿತ್ತುಕೊಂಡೆ, ಬಾಯಿಗೆ ಬಂದದ್ದೆಲ್ಲ ಅಂದೆ. ಒಳಗೆ ಗೋಡೆಯ ಮೊಳೆಗೆ ನೇತುಹಾಕಿದ್ದ ಕತ್ತರಿ ತಂದು ಒಂದು ಗೊಂಚಲು ಕತ್ತರಿಸಿ ಅವರ ಮುಡಿಗಿಟ್ಟೆ. ಗಿಡವನ್ನು ಹಿತ್ತಲ ಹಲಸಿಗೆ ಕಟ್ಟಿದೆ.

"ಸಾವಿನ ಮನೇಲೂ ಜಗಳವಾ ಮಾರಾಯ" ಎಂದರು ಯಾರೋ. ಟೀಚರ ಋಣ ತೀರಿಸಲು ನನ್ನಲ್ಲಿ ಇದ್ದದ್ದು ಅದೊಂದೇ.