ಉಪ್ಪು ಕಡಿಮೆಯಿರುವ ಪಾತ್ರೆಗೆ ಕೆಂಪು ಬಟ್ಟೆ

ಬೆಳಗಿನ ಐದೂವರೆ. ಆಸ್ಪತ್ರೆಯ ಅಡುಗೆಮನೆಯ ಬಾಣಲೆಯಲ್ಲಿ ಕಾಳುಮೆಣಸು ಚಟಪಟ ಅನ್ನುತ್ತಿದ್ದಂತೆ ಬಾಗಿಲ ಬಳಿಯ ಕಾವಲುಗಾರ ಮೂರು ಸಲ ಸೀನುತ್ತಾನೆ.

“ಅಕ್ಕಾ, ರೋಗಿಗಳನ್ನ ಉಳಿಸೋಕೆ ಹೋಗಿ ನನ್ನ ಕಳಿಸಿಬಿಡ್ತೀರಾ!”

“ಮೂಗು ಬಿಟ್ಕೊಳ್ತಲ್ಲ, ಸುಮ್ನಿರಪ್ಪ” ಎಂದು ಖಾರದಕ್ಕ ನಗುತ್ತಾರೆ. ಇಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ.

ಐವತ್ತೆರಡರ ಈ ಅಡುಗೆಯಾಕೆ ದಿನಾ ಬೆಳಿಗ್ಗೆ ನೂರಾ ನಲವತ್ತು ತಟ್ಟೆಗೆ ಅಡುಗೆ ಮಾಡುತ್ತಾರೆ. ಅವುಗಳಲ್ಲಿ ಮೂವತ್ತೊಂದು ಹೃದ್ರೋಗದ ವಾರ್ಡಿಗೆ. ಅವಕ್ಕೆ ಉಪ್ಪು ತೀರಾ ಕಡಿಮೆ. ಮೊದಲೆಲ್ಲ ಆ ತಟ್ಟೆಗಳು ಹೋದ ಹಾಗೇ ಮರಳುತ್ತಿದ್ದವು. ಅದನ್ನು ನೋಡುವುದು ಅವರಿಗೆ ಕಷ್ಟ. “ನಮ್ಮನೆಯವ್ರೂ ಹಿಂಗೇ ತಟ್ಟೆ ದೂಡಿ ದೂಡಿ ಸೊರಗಿಹೋದ್ರು. ಎದೆ ಕಾಯಿಲೆ ಅಂತ ಉಪ್ಪು ಬಿಡಿಸಿದೆ. ಅದರ ಜಾಗಕ್ಕೆ ಏನು ಹಾಕ್ಬೇಕು ಅಂತ ಆಗ ಗೊತ್ತಿರ್ಲಿಲ್ಲ.” ಗಂಡ ತೀರಿಕೊಂಡ ವರ್ಷವೇ ಅವರು ಈ ಕೆಲಸಕ್ಕೆ ಸೇರಿದ್ದು.

ಮೆಣಸು, ಶುಂಠಿ, ಬೆಳ್ಳುಳ್ಳಿ, ನಿಂಬೆರಸ ಹಾಕಲೇ ಎಂದು ಅವರೇ ಡಾಕ್ಟರನ್ನು ಕೇಳಿದರು. “ಖಾರ ಔಷಧಿ ಅಲ್ಲಮ್ಮ” ಎಂದರು ಡಾಕ್ಟರು. “ಆದ್ರೆ ನಾಲಿಗೆಗೆ ಖಾರ ಸಿಕ್ರೆ ಎಷ್ಟೋ ಜನಕ್ಕೆ ಉಪ್ಪಿನ ನೆನಪು ಕಡಿಮೆ ಆಗುತ್ತೆ. ಎರಡು ವಾರ ನೋಡೋಣ. ತಟ್ಟೆ ಖಾಲಿ ಆಗದಿದ್ರೆ ನಿಲ್ಲಿಸಿಬಿಡೋಣ.”

ಮೂರನೆಯ ದಿನವೇ ಎಡವಟ್ಟಾಯಿತು. ಖಾರದ ಪಾತ್ರೆ ಹೊಟ್ಟೆಹುಣ್ಣಿನ ವಾರ್ಡಿಗೆ ಹೋಯಿತು. ಎರಡು ಚಮಚ ತಿಂದ ಅಜ್ಜಿಯೊಬ್ಬರು ಸಂಜೆಯವರೆಗೂ ಹೊಟ್ಟೆ ಹಿಡಿದುಕೊಂಡು ನರಳಿದರು. “ಅವತ್ತು ಅವರ ಮಂಚದ ಹತ್ರಾನೇ ಕೂತಿದ್ದೆ. ಒಬ್ಬರಿಗೆ ಆಗಿಬರೋದು ಇನ್ನೊಬ್ಬರಿಗೆ ಆಗಲ್ಲ ಅಂತ ಬುದ್ಧಿ ಬಂತು.” ಅಂದಿನಿಂದ ಖಾರದ ಪಾತ್ರೆಯ ಹಿಡಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾರೆ. ಆ ಪಾತ್ರೆಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ.

ಇಂದು ಹದಿನಾಲ್ಕನೆಯ ದಿನ. ಹೃದ್ರೋಗದ ವಾರ್ಡಿನ ತಟ್ಟೆಗಳೆಲ್ಲ ಖಾಲಿಯಾಗುತ್ತಿವೆ, ಒಂದನ್ನು ಬಿಟ್ಟು. ಒಂಬತ್ತನೇ ಮಂಚದ ನಿವೃತ್ತ ಬಸ್ ಚಾಲಕರು ಇನ್ನೂ ಪಟ್ಟು ಬಿಟ್ಟಿಲ್ಲ. ಅವರ ದಿಂಬಿನಡಿಯ ಉಪ್ಪಿನ ಪೊಟ್ಟಣವನ್ನು ನರ್ಸ್ ಎರಡು ಸಲ ಕಿತ್ತುಕೊಂಡಿದ್ದಾರೆ. ಮತ್ತೆ ಹೇಗೋ ತರಿಸಿಕೊಳ್ಳುತ್ತಾರೆ.

“ಏನಮ್ಮಾ, ಇವತ್ತೂ ಹುಲ್ಲೇನಾ?”

“ಹುಲ್ಲೇ ಅಣ್ಣ. ಒಂದು ಚಮಚ ಮೇಯ್ದು ಆಮೇಲೆ ಬೈರಿ.”

ಇವತ್ತು ಮೆಣಸನ್ನು ಹುರಿದು ಕುಟ್ಟಿ, ಕೊನೆಯಲ್ಲಿ ನಿಂಬೆ ಹಿಂಡಿದ್ದಾರೆ. ಚಾಲಕರು ಒಂದು ಚಮಚ ಬಾಯಿಗಿಡುತ್ತಾರೆ. ಹಣೆಯ ಮೇಲೆ ಬೆವರು ಮೂಡುತ್ತದೆ. ಮೂಗು ಒರೆಸಿಕೊಳ್ಳುತ್ತಾರೆ. ತಟ್ಟೆಯ ತಳ ಕಾಣುವವರೆಗೂ ತಿನ್ನುತ್ತಾರೆ. ಆಮೇಲೆ ದಿಂಬಿನಡಿ ಕೈಹಾಕಿ ಪೊಟ್ಟಣ ತೆಗೆದು ಖಾರದಕ್ಕನ ಅಂಗೈಗಿಡುತ್ತಾರೆ. “ನಾಳೆಗೂ ಇದೇ ಇರ್ಲಿ” ಎಂದು ಗೋಡೆಯ ಕಡೆ ಹೊರಳುತ್ತಾರೆ.

ತಟ್ಟೆಗಳನ್ನು ಎಣಿಸಿದ ಡಾಕ್ಟರು ಹೇಳುವುದು ಒಂದೇ ಮಾತು: “ಮುಂದುವರಿಸಿ.”

“ನಮ್ಮನೆಯವ್ರಿಗೆ ಹಿಂಗೆ ಮಾಡಿ ಬಡಿಸೋಕಾಗ್ಲಿಲ್ಲ. ಇಲ್ಲಿ ದಿನಾ ಮೂವತ್ತೊಂದು ಜನಕ್ಕೆ ಬಡಿಸ್ತೀನಲ್ಲ” ಎನ್ನುತ್ತಾ ಖಾರದಕ್ಕ ಕೆಂಪು ಬಟ್ಟೆ ಬಿಚ್ಚಿ ತೊಳೆದು ಹರವುತ್ತಾರೆ. ಬಾಗಿಲಲ್ಲಿ ಕಾವಲುಗಾರ ಎದುರಾದಾಗ ಉಪ್ಪಿನ ಪೊಟ್ಟಣವನ್ನು ಅವನ ಜೇಬಿಗೆ ತುರುಕುತ್ತಾರೆ.

“ಮನೆಗೆ ತಗೊಂಡು ಹೋಗಪ್ಪ. ನಮ್ಮ ವಾರ್ಡಿನವರಿಗೆ ಇದು ಬೇಕಿಲ್ಲ.”