ಬಾಯಿಬಿಟ್ಟು ಹೇಳವ್ವಾ

ಕಾಕಾ ಅವರ ಬಲಗೈ ತೋರುಬೆರಳು ನಡುವೆ ಸೊಟ್ಟಗಿತ್ತು. ಆ ಬೆರಳಿನಿಂದ ಒಂದೊಂದನ್ನೇ ಮುಟ್ಟಿ, "ಗ್ಯಾಸ್ ಬಂದ್. ನಳ ಬಂದ್. ಫ್ಯಾನ್ ಬಂದ್," ಎಂದು ಗಟ್ಟಿಯಾಗಿ ಹೇಳಿಕೊಂಡೇ ಮನೆಗೆ ಬೀಗ ಹಾಕುತ್ತಿದ್ದರು. ಧಾರವಾಡದ ಕಡೆಯವರು, ಒಂಟಿ ಜೀವ. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾಗಿ, ನಾಶಿಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಯಾರ ಜೊತೆ ಮಾತು ಕಾಕಾ ಎಂದು ಛೇಡಿಸಿದರೆ, "ಹೇಳಿದ್ರ ಕೈ ಏನ್ ಮಾಡಾಕತ್ತೈತಿ ಅಂತ ತಲಿಗೆ ತಿಳೀತೈತವಾ," ಎನ್ನುವರು.

ದೊಡ್ಡದೊಂದು ಸಾಫ್ಟ್‌ವೇರ್ ಕಂಪನಿಯ ಸಂದರ್ಶನದಲ್ಲಿ ಕೊಟ್ಟ ಪ್ರಶ್ನೆಯನ್ನು ನಾನು ಸರಿಯಾಗಿಯೇ ಬಿಡಿಸಿದ್ದೆ. ಆದರೂ ಬೇಡವೆಂದರು. ಬಿಡಿಸುವಾಗ ನಾನು ತುಟಿ ಪಿಟಕ್ಕೆನ್ನಲಿಲ್ಲವಂತೆ, ಹೇಗೆ ಯೋಚಿಸುತ್ತೇನೆಂದು ಅವರಿಗೆ ತಿಳಿಯಲಿಲ್ಲವಂತೆ. ಅಳುತ್ತ ಹೇಳಿದರೆ ಕಾಕಾ ನಕ್ಕುಬಿಟ್ಟರು.

"ಇಷ್ಟ ಏನ? ದಿನಾ ನನ್ನ ಮುಂದ ಕೂತು ಬಾಯಿಬಿಟ್ಟು ಹೇಳವ್ವಾ."

ಕೋಡಿಂಗ್ ಅವರಿಗೆ ಒಂದಿಷ್ಟೂ ತಿಳಿಯದು. ಕನ್ನಡ, ಮರಾಠಿ, ಇಂಗ್ಲಿಷಿನ ನನ್ನ ಕಲಸುಮೇಲೋಗರವನ್ನು ಸಂಜೆಯೆಲ್ಲ ಕೇಳುತ್ತ ಕೂರುವರು. ನಾನು ಸುಮ್ಮನಾದರೆ ಮಾತ್ರ, "ಯಾಕ ನಿಂತಿ? ಸಿಕ್ಕೊಂಡಿದ್ರ ಸಿಕ್ಕೊಂಡೀನಿ ಅಂತ ಹೇಳು," ಎನ್ನುವರು.

ಆ ಮಳೆಗಾಲ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು, ದನಿ ಹೋಯಿತು. ದಿನವಿಡೀ ಮಾತಾಡುತ್ತಿದ್ದ ಆ ಮನೆಯ ಮೌನವನ್ನು ನನ್ನಿಂದ ತಡೆಯಲಾಗುತ್ತಿರಲಿಲ್ಲ. ಅವರು ಮಾತ್ರ ಸಂಜೆಯ ಪಾಠ ತಪ್ಪಿಸಲಿಲ್ಲ. ನಾನು ನಿಲ್ಲಿಸಿದೊಡನೆ ಚಮಚದಿಂದ ಸ್ಟೀಲ್ ಲೋಟಕ್ಕೆ ಬಡಿಯುವರು.

ಮುಂದಿನ ಸಂದರ್ಶನ ಇನ್ನೊಂದು ದೊಡ್ಡ ಕಂಪನಿಯದು, ಆನ್‌ಲೈನ್. ನಮ್ಮ ಮನೆಯಲ್ಲಿ ಗದ್ದಲವೆಂದು ಕಾಕಾ ಅವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಕೊನೆಯ ಪ್ರಶ್ನೆಗೆ ತಲೆಯೇ ಓಡಲಿಲ್ಲ. ಬಾಯಿ ಕಟ್ಟಿತು. ಬಾಗಿಲಾಚೆಯಿಂದ, ಟಣ್!

ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸಿಕ್ಕಿಹಾಕಿಕೊಂಡಿದ್ದೇನೆ ಎಂದೆ. ಎಲ್ಲಿ, ಯಾಕೆ ಎಂದು ಹೇಳುತ್ತ ಹೋದಂತೆ ದಾರಿ ಸಿಕ್ಕಿತು.

ಕೆಲಸ ಸಿಕ್ಕಿತೆಂಬ ಮೇಲ್ ಬಂದಾಗ ಕಾಕಾ ಇರಲಿಲ್ಲ. ಅದರ ಹಿಂದಿನ ವಾರವೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಧಾರವಾಡದಿಂದ ಬಂದಿದ್ದ ಅವರ ತಮ್ಮ ಕಾರ್ಯ ಮುಗಿಸಿ, ಬೀಗದ ಕೈ ನನಗೆ ಕೊಟ್ಟು ಹೊರಟರು. ಆ ಮನೆಯಲ್ಲಿ ಒಬ್ಬಳೇ ಒಂದೊಂದನ್ನೂ ಮುಟ್ಟುತ್ತ ಬಂದೆ. "ಗ್ಯಾಸ್ ಬಂದ್. ನಳ ಬಂದ್. ಫ್ಯಾನ್ ಬಂದ್." ಬಾಗಿಲ ಬಳಿ ಮಾತು ನಿಂತುಹೋಯಿತು. ಸ್ವಲ್ಪ ಹೊತ್ತು ಕಾದೆ. ಯಾರೂ ಲೋಟ ಬಡಿಯಲಿಲ್ಲ.

"ಕಾಕಾ, ನನಗ ಕೆಲಸ ಸಿಕ್ತರಿ," ಎಂದು ಬಾಯಿಬಿಟ್ಟು ಹೇಳಿ, ಬೀಗ ಹಾಕಿದೆ.