ಎರಡು ದಿನದ ಮುಯ್ಯಿ

ಹೊಸದಾಗಿ ಕೊಯ್ದ ರಾಗಿಹುಲ್ಲಿನ ವಾಸನೆ ಬಂದರೆ ಈಗಲೂ ನನಗೆ ಅನ್ನ ಸೇರುವುದಿಲ್ಲ. ಮೊನ್ನೆ ಆರ್.ಟಿ. ನಗರದ ಗೃಹಪ್ರವೇಶವೊಂದರಲ್ಲಿ ಹಸುವಿನ ಮುಂದೆ ಅದನ್ನು ಹರಡಿದ್ದರು. ಎಲೆ ಹಾಕುವ ಮೊದಲೇ ಎದ್ದು ಬಂದೆ. ಐವತ್ತರ ದಶಕದ ಕೊನೆಗೆ, ಚಿಕ್ಕಜಾಲದ ಆಚೆಯ ನಮ್ಮೂರಿನಲ್ಲಿ, ಕುಯ್ಲಿನ ಕಾಲಕ್ಕೆ ಅದೇ ವಾಸನೆ ಅಮ್ಮನ ಸೆರಗಲ್ಲೂ ಪಕ್ಕದ ಮನೆಯ ಪುಟ್ಟತಾಯಮ್ಮನ ಸೆರಗಲ್ಲೂ ಇರುತ್ತಿತ್ತು. ನಮಗೆ ಕೂಲಿಯಾಳು ಗೊತ್ತಿರಲಿಲ್ಲ, ಮುಯ್ಯಾಳು ಗೊತ್ತಿತ್ತು: ಇವತ್ತು ಅವರ ಮನೆಯವರೆಲ್ಲ ನಮ್ಮ ಹೊಲಕ್ಕೆ, ನಾಳೆ ನಾವೆಲ್ಲ ಅವರ ಹೊಲಕ್ಕೆ. ಬದುವಿನ ಮೇಲೆ ಕೂತು ಮುದ್ದೆ ಮುರಿಯುವಾಗ ಪುಟ್ಟತಾಯಮ್ಮ ತನ್ನ ಮಕ್ಕಳನ್ನು ಬಿಟ್ಟು ಮೊದಲ ತುತ್ತು ನನ್ನ ಬಾಯಿಗಿಡುತ್ತಿದ್ದಳು. ಮುಯ್ಯಿ ಅಂದರೇನು ಎಂದು ಒಮ್ಮೆ ಅಜ್ಜಿಯನ್ನು ಕೇಳಿದ್ದೆ. “ಈಸ್ಕಂಡಿದ್ದ ತಿರುಗಿ ಕೊಡಾದು ಕಣವ್ವ. ಗೇಮೆ ಕೊಟ್ರೆ ಗೇಮೆ, ಏಟು ಕೊಟ್ರೆ ಏಟು,” ಅಂದಿದ್ದಳು. ದುಡಿಮೆಗೂ ಹೊಡೆತಕ್ಕೂ ಒಂದೇ ಮಾತೇ ಎಂದು ನಾನು ನಕ್ಕಿದ್ದೆ. ನೆನಪಿಟ್ಟುಕೊಳ್ಳುವ ಬುದ್ಧಿ ನನಗೆಲ್ಲಿತ್ತು?

ಆ ವರ್ಷ ಅವರು ಎರಡು ದಿನ ಬಂದು ನಮ್ಮ ರಾಗಿ ಕೊಯ್ದುಕೊಟ್ಟಿದ್ದರು. ಆಮೇಲೆ ಬದುವಿನ ವಿಷಯಕ್ಕೆ ಅಪ್ಪನಿಗೂ ಪುಟ್ಟತಾಯಮ್ಮನ ಗಂಡ ಮುನಿಯಪ್ಪನಿಗೂ ಮಾತಿಗೆ ಮಾತು ಬೆಳೆದು ಇಬ್ಬರೂ ಮುಖ ತಿರುಗಿಸಿಕೊಂಡರು. ಅವರ ರಾಗಿ ಇನ್ನೂ ಹೊಲದಲ್ಲಿತ್ತು, ಮೋಡ ಕಟ್ಟುತ್ತಿತ್ತು. ಅಮ್ಮನಿಗೆ ತಡೆಯಲಾಗಲಿಲ್ಲ. ಅಪ್ಪನನ್ನು ಒಪ್ಪಿಸಿ ನನ್ನನ್ನು ಕಳಿಸಿದಳು: “ನಿಮ್ ಮುಯ್ಯಿ ತೀರಿಸ್ತೀವಿ, ನಾಳಿಕ್ಕೆ ಕುಯ್ಲಿಗೆ ಬತ್ತೀವಿ ಅಂತ ಯೋಳ್ಬುಟ್ಟು ಬಾ.” ಅವರ ಜಗಲಿಯ ತುಂಬ ಜನ. ಮುನಿಯಪ್ಪನ ಕೆಂಗಣ್ಣು ನೋಡಿ ಜಗಲಿಯ ಕೆಳಗೇ ನಿಂತೆ. “ನಮ್ಮಪ್ಪ ನಾಳಿಕ್ಕೆ ನಿಮ್ ಮುಯ್ಯಿ ತೀರಿಸ್ತಾನಂತೆ,” ಅಂದವಳೇ ಓಡಿದೆ. “ಬರ್ಲಿ ಬರ್ಲಿ, ನಾವೇನು ಕೈಗೆ ಬಳೆ ತೊಟ್ಕಂಡಿಲ್ಲ!” ಎಂದು ಮುನಿಯಪ್ಪ ಕೂಗಿದ್ದು ಬೆನ್ನ ಹಿಂದೆ ಕೇಳಿಸಿತು. ಯೋಳಿದ್ಯಾ ಅಂತ ಅಮ್ಮ ಕೇಳಿದಳು. ಹೂಂ ಅಂದೆ.

ಬೆಳಿಗ್ಗೆ ನಮ್ಮವರು ಕುಡುಗೋಲು ಹಿಡಿದು ಹೋದರೆ, ಮುನಿಯಪ್ಪ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ದೊಣ್ಣೆ ಹಿಡಿದು ಬದುವಿನ ಮೇಲೆ ನಿಂತಿದ್ದ.

“ಕುಡ್ಲು ತಂದಿದೀಯೇನೋ, ಮುಯ್ಯಿ ತೀರ್ಸಕ್ಕೆ?”

“ಇನ್ಯಾತ್ರಾಗೆ ತೀರ್ಸಾದು?” ಅಂದ ಅಪ್ಪ, ಏನೂ ಅರಿಯದೆ.

ಮೊದಲ ಪೆಟ್ಟು ಅಪ್ಪನ ಭುಜಕ್ಕೆ ಬಿತ್ತು. ಆಮೇಲೆ ಯಾರು ಯಾರಿಗೆ ಬಿಡಿಸಿ ಹೇಳುತ್ತಾರೆ? ಮೂರನೆಯ ದಿನ ಮಳೆ ಹಿಡಿಯಿತು. ಅವರ ರಾಗಿ ತೆನೆಯಲ್ಲೇ ಮೊಳಕೆಯೊಡೆದು ಕಪ್ಪಾಯಿತು. ಆ ವರ್ಷವೆಲ್ಲ ಆ ಮನೆಯ ಮಕ್ಕಳು ಅರೆಹೊಟ್ಟೆ ಉಂಡವು, ನಾವು ಗೋಡೆಯ ಈಚೆ ಹೊಟ್ಟೆ ತುಂಬ ಉಂಡೆವು. ಥೂ, ನನ್ನ ಜನ್ಮಕ್ಕಿಷ್ಟು!

ಈಗ ಆ ಹೊಲಗಳಿಲ್ಲ, ಆ ಎರಡು ಮನೆಗಳೂ ಇಲ್ಲ. ಒಗ್ಗಟ್ಟಿನ ಮೇಲೆ ಭಾಷಣ ಮಾಡುವವರಿಗೆ ಮುಯ್ಯಿ ಅಂದರೆ ಸೇಡು ಎಂದಷ್ಟೇ ಗೊತ್ತು. ಅವರನ್ನು ಯಾವ ಬಾಯಲ್ಲಿ ಬಯ್ಯಲಿ? ಆ ಹೊಡೆದಾಟವಾದ ನಾಲ್ಕು ವರ್ಷಕ್ಕೆ ಪುಟ್ಟತಾಯಮ್ಮ ತೀರಿಕೊಂಡಿದ್ದಳು. ಅವಳ ಮನೆಯ ಹೊಸಿಲು ತುಳಿಯುವಂತಿರಲಿಲ್ಲವಲ್ಲ, ಅಮ್ಮ ನಮ್ಮ ಬಾಗಿಲಲ್ಲೇ ನಿಂತು ನನ್ನ ಕೈ ಹಿಡಿದುಕೊಂಡು ಅತ್ತಳು. “ಎರಡು ದಿನದ ಮುಯ್ಯಿ ಅಂಗೇ ಉಳ್ಕಂಡೋಯ್ತಲ್ಲವ್ವ. ನಾನೇನ್ ತಪ್ಪು ಯೋಳ್ಕಳಿಸಿದ್ದೆ?” ಅಂದಳು. ಅವರ ಜಗಲಿಯ ಮುಂದೆ ನಾನು ಹೇಳದೆ ಬಿಟ್ಟ ‘ಕುಯ್ಲಿಗೆ’ ಎಂಬ ಆ ಒಂದು ಮಾತು ನನ್ನಲ್ಲೇ ಇತ್ತು. ಆಗಲೂ ಹೇಳಲಿಲ್ಲ.